ಓಡುತ್ತಿರುವಾಗಲೇ ತೆಗೆದ ನಕಲು

2005ರ ಬೇಸಿಗೆಯಲ್ಲಿ ನಮ್ಮ ಆಫೀಸಿನಲ್ಲಿ ಹತ್ತೊಂಬತ್ತು ಲಾರಿ ಅದಿರು ಕಾಣೆಯಾಯಿತು. ನಿಜ ಹೇಳಬೇಕೆಂದರೆ ಲಾರಿಗಳು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿದ್ದವು, ಅದಿರೂ ಬಂದರು ಸೇರಿತ್ತು. ಅವುಗಳ ಬಿಲ್ಲು ಮಾತ್ರ ಕಂಪ್ಯೂಟರಿನೊಳಗೆ ಇರಲಿಲ್ಲ. ಆದರೆ ಅದಿರಿನ ವ್ಯವಹಾರದಲ್ಲಿ ಬಿಲ್ಲಿಲ್ಲದೆ ಗೇಟು ದಾಟಿದ ಲಾರಿ ಎಂದರೆ ಕಳ್ಳತನ ಎಂದೇ ಲೆಕ್ಕ. ಆ ಕಳ್ಳತನ ಕಂಪ್ಲಿಯಿಂದ ಎರಡು ಬಸ್ಸು ಬದಲಾಯಿಸಿ ರಾತ್ರಿ ಪಾಳಿಗೆ ಬರುತ್ತಿದ್ದ ಒಬ್ಬ ಗುಮಾಸ್ತರ ತಲೆಗೆ ಬಂತು. ತಪ್ಪು ನನ್ನದಾಗಿತ್ತು. ಅದು ಗೊತ್ತಾಗಲು ಐದು ದಿನ ಬೇಕಾಯಿತು.

ಆಗ ನನಗೆ ಇಪ್ಪತ್ತಮೂರು ವರ್ಷ. ಹೊಸಪೇಟೆಯಲ್ಲಿದ್ದ ಒಂದು ಅದಿರು ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಹೆಸರು ಬೇಡ. ಗಣಿ ಸಂಡೂರಿನ ಗುಡ್ಡದ ಮೇಲೆ, ಗುಡ್ಡದ ಬುಡದಲ್ಲಿ ವೇಬ್ರಿಡ್ಜು, ಅಂದರೆ ನಮ್ಮ ಕಡೆಯವರ ಮಾತಿನಲ್ಲಿ ಕಾಟಾ. ಲೆಕ್ಕಪತ್ರವೆಲ್ಲ ಹೊಸಪೇಟೆಯಲ್ಲಿ. ಇವೆರಡನ್ನೂ ಟೆಲಿಫೋನ್ ಲೈನಿನ ಮೂಲಕ ಬೆಸೆದಿದ್ದದ್ದು ಏಸಿ ರೂಮಿನೊಳಗೆ ಕಪ್ಪಗೆ ಕೂತಿದ್ದ ಒಂದು ಪೆಟ್ಟಿಗೆ: ಐಬಿಎಂ ಕಂಪನಿಯ ಎಎಸ್/400. ಚೆನ್ನೈನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ನಮ್ಮವರು ಕೊಂಡು ತಂದಿದ್ದರು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಮೌಸ್ ಇಲ್ಲ, ಚಿತ್ರವಿಲ್ಲ. ಗೆಳೆಯರು ನೋಡಿ ನಗುತ್ತಿದ್ದರು.

ಈ ಯಂತ್ರದ ವಂಶಾವಳಿ ಸ್ವಲ್ಪ ಹೇಳಬೇಕು. ದೊಡ್ಡ ಬ್ಯಾಂಕು, ರೈಲ್ವೆಗಳಲ್ಲಿ ಇರುತ್ತಿದ್ದ ಮೇನ್‌ಫ್ರೇಮಿಗಿಂತ ಚಿಕ್ಕದು, ಮೇಜಿನ ಮೇಲಿನ ಪಿಸಿಗಿಂತ ದೊಡ್ಡದು. ಹಾಗಾಗಿ ಇದನ್ನು ಮಿಡ್‌ರೇಂಜ್ ಎನ್ನುತ್ತಿದ್ದರು. ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್ ಎಂಬ ಊರಿನಲ್ಲಿ ಹುಟ್ಟಿದ್ದು. 1988ರ ಜೂನ್ 21ರಂದು ಅದು ಲೋಕಕ್ಕೆ ಬಂದಾಗ ಭಾರತದಲ್ಲಿ ಐಬಿಎಂ ಇರಲೇ ಇಲ್ಲ. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಇಳಿಸಿಕೊಳ್ಳಬೇಕೆಂದು 1973ರ ಫೆರಾ ಕಾಯಿದೆ ಹೇಳಿತ್ತು. ಜನತಾ ಸರ್ಕಾರದ ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್ ಅದನ್ನು ಬಿಗಿಯಾಗಿ ಹಿಡಿದರು. ಐಬಿಎಂ ಒಪ್ಪದೆ 1978ರಲ್ಲಿ ಗಂಟು ಕಟ್ಟಿತು. ಮತ್ತೆ ಬಂದದ್ದು 1992ರಲ್ಲಿ, ಟಾಟಾ ಕಂಪನಿಯ ಕೈ ಹಿಡಿದು. ಆಮೇಲೆಯೇ ಈ ಯಂತ್ರಗಳು ನಮ್ಮ ದೇಶದ ಕಾರ್ಖಾನೆ, ಬ್ಯಾಂಕುಗಳಿಗೆ ಹಂಚಿಹೋಗಿ, ಹಳತಾದ ಮೇಲೆ ಹೊಸಪೇಟೆಯಂಥ ಊರಿಗೂ ತಲುಪಿದವು. ಹೆಸರನ್ನಂತೂ ಪದೇ ಪದೇ ಬದಲಿಸಿದರು. 2000ದಲ್ಲಿ ಐಸೀರೀಸ್ ಆಯಿತು, 2008ರ ಹೊತ್ತಿಗೆ ಅದರ ವ್ಯವಸ್ಥೆಗೆ ಐಬಿಎಂ ಐ ಎಂದು ಹೆಸರಾಯಿತು. ಅದನ್ನು ಬಳಸುವವರು ಇವತ್ತಿಗೂ ಎಎಸ್/400 ಎಂದೇ ಕರೆಯುತ್ತಾರೆ. 2014ರಲ್ಲಿ ಸರ್ಕಾರ ಹಾಸ್ಪೆಟ್ ಎಂಬುದನ್ನು ಹೊಸಪೇಟೆ ಎಂದು ತಿದ್ದಿದಾಗ ನಾವು ‘ನಾವು ಯಾವಾಗ ಬೇರೆ ಹೆಸರಿನಿಂದ ಕರೆದಿದ್ದೆವು’ ಎಂದುಕೊಂಡೆವಲ್ಲ, ಹಾಗೆ.

ನನ್ನ ಮುಖ್ಯ ಕೆಲಸ ಬ್ಯಾಕಪ್. ರಾತ್ರಿ ಹನ್ನೊಂದಕ್ಕೆ ಎಲ್ಲರನ್ನೂ ಯಂತ್ರದಿಂದ ಹೊರಗೆ ಕಳಿಸಿ, ಕ್ಯಾಸೆಟ್ಟಿನಂಥ ಟೇಪು ಹಾಕಿ, ಇಡೀ ಲೆಕ್ಕವನ್ನು ಅದಕ್ಕೆ ನಕಲು ಇಳಿಸುವುದು. ಒಂದೂವರೆ ತಾಸು ಹಿಡಿಯುತ್ತಿತ್ತು. ಮೊದಮೊದಲು ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಚೀನಾ ನಮ್ಮ ಗುಡ್ಡಗಳ ಮೇಲೆ ಕಣ್ಣು ಹಾಕಿದ ಕಾಲ ಅದು. 2003ರಿಂದಾಚೆಗೆ ಅದಿರಿನ ಬೆಲೆ ಏರಿದ ಪರಿ ನೋಡಿದವರಿಗೆ ಗೊತ್ತು. ಸಂಡೂರು ರಸ್ತೆಯ ಮರಗಳ ಎಲೆ ಕೆಂಪಾದವು, ದಾಸವಾಳ ಯಾವುದು ಬೇವು ಯಾವುದು ತಿಳಿಯದಂತೆ. ಲಾರಿಗಳು ಹಗಲು ರಾತ್ರಿ ಓಡತೊಡಗಿದವು. ನಾನು ಹನ್ನೊಂದಕ್ಕೆ ಯಂತ್ರ ನಿಲ್ಲಿಸಿದರೆ ಕಾಟಾದ ಮುಂದೆ ಮೈಲಿಗಟ್ಟಲೆ ಸಾಲು. ಡ್ರೈವರುಗಳು ಹಾರ್ನ್ ಹೊಡೆಯುತ್ತಿದ್ದರು. ಗುಮಾಸ್ತರು ಚೀಟಿಯ ಮೇಲೆ ತೂಕ ಬರೆದು ಬಿಟ್ಟು, ಬೆಳಗಿನ ಜಾವ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕಾಗುತ್ತಿತ್ತು. ಮ್ಯಾನೇಜರು ಒಂದು ದಿನ ಕರೆದು, “ಇನ್ನು ಮೇಲೆ ಮಷೀನು ನಿಲ್ಲಬಾರದು. ಬ್ಯಾಕಪ್ಪೂ ತಪ್ಪಬಾರದು. ನೀನೇ ನೋಡಿಕೋ” ಎಂದರು.

ನೋಡಿದೆ. ಯಂತ್ರದಲ್ಲಿ ಅದಕ್ಕೊಂದು ದಾರಿ ಇತ್ತು.

ಓಡುತ್ತಿರುವ ಲೆಕ್ಕವನ್ನು ನಕಲು ಮಾಡುವುದರ ಕಷ್ಟ ಏನೆಂದರೆ, ನೀವು ನಲವತ್ತನೇ ಪುಟ ನಕಲು ಮಾಡುವಷ್ಟರಲ್ಲಿ ಯಾರೋ ಮೂರನೇ ಪುಟ ತಿದ್ದಿರುತ್ತಾರೆ, ಐವತ್ತನೆಯದಕ್ಕೆ ಹೊಸ ಸಾಲು ಸೇರಿಸಿರುತ್ತಾರೆ. ನಿಮ್ಮ ಕೈಯಲ್ಲಿ ಉಳಿಯುವುದು ಯಾವ ಹೊತ್ತಿನಲ್ಲೂ ನಿಜವಾಗಿ ಇರದಿದ್ದ ಒಂದು ಪುಸ್ತಕ. ಎಎಸ್/400 ಇದಕ್ಕೆ ಮಾಡಿಕೊಂಡ ಉಪಾಯದ ಹೆಸರು ಚೆಕ್‌ಪಾಯಿಂಟ್. ಬ್ಯಾಕಪ್ ಶುರುವಾದಾಗ ಯಂತ್ರ ಒಂದು ಕ್ಷಣ ಎಲ್ಲವನ್ನೂ ಹಿಡಿದು ‘ಈಗ ಹೇಗಿದೆಯೋ ಹಾಗೆ’ ಎಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಜನ ತಮ್ಮ ಕೆಲಸ ಮುಂದುವರಿಸಬಹುದು. ಯಾರಾದರೂ ಒಂದು ಪುಟ ತಿದ್ದಲು ಹೋದರೆ, ತಿದ್ದುವ ಮೊದಲು ಯಂತ್ರ ಹಳೆಯ ಪುಟವನ್ನು ಪಕ್ಕಕ್ಕೆ ಎತ್ತಿಡುತ್ತದೆ. ಟೇಪಿಗೆ ಹೋಗುವುದು ಆ ಹಳೆಯ ಪುಟ. ಟೇಪು ತುಂಬಲು ಒಂದೂವರೆ ತಾಸು ಆದರೂ ಅದರೊಳಗಿನ ಲೆಕ್ಕವೆಲ್ಲ ಒಂದೇ ಗಳಿಗೆಯದು. ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು. ಈಗಲೂ ಅದು ಚೆಂದದ ಯೋಚನೆ ಎಂದೇ ನನ್ನ ಅಭಿಪ್ರಾಯ.

ಆದರೆ ಒಂದು ಗಳಿಗೆ ಎಂದರೆ ಯಾವುದರ ಒಂದು ಗಳಿಗೆ? ಅಲ್ಲೇ ನಾನು ಎಡವಿದ್ದು. ಆ ಯಂತ್ರದಲ್ಲಿ ಕಡತಗಳನ್ನು ಲೈಬ್ರರಿ ಎಂಬ ಗುಂಪುಗಳಲ್ಲಿ ಇಡುತ್ತಾರೆ. ನಮ್ಮಲ್ಲಿ ಬಿಲ್ಲುಗಳದ್ದು ಒಂದು ಲೈಬ್ರರಿ, ಕಾಟಾದ ತೂಕಗಳದ್ದು ಇನ್ನೊಂದು. ಬ್ಯಾಕಪ್ಪಿನ ಆಜ್ಞೆಯಲ್ಲಿ ‘ಲಿಬ್’ ಎಂದು ಬರೆದರೆ ಪ್ರತಿ ಲೈಬ್ರರಿಯೂ ತನ್ನೊಳಗೆ ಒಂದು ಗಳಿಗೆಯದಾಗಿರುತ್ತದೆ. ಒಂದನ್ನು ಟೇಪಿಗೆ ಇಳಿಸಿ ಮುಗಿದ ಮೇಲೆ ಮುಂದಿನದರ ಸರದಿ, ಅದಕ್ಕೆ ಬೇರೆ ಗಳಿಗೆ. ‘ಸಿಂಕ್‌ಲಿಬ್’ ಎಂದು ಬರೆದರೆ ಎಲ್ಲ ಲೈಬ್ರರಿಗಳಿಗೂ ಸೇರಿ ಒಂದೇ ಗಳಿಗೆ. ನಾನು ಬರೆದದ್ದು ‘ಲಿಬ್’. ಸಹಾಯದ ಪರದೆಯಲ್ಲಿ ಎರಡೂ ಒಂದರ ಕೆಳಗೆ ಒಂದಿದ್ದವು. ಮೊದಲನೆಯದನ್ನು ಓದಿ, ಇದೇ ಸಾಕು ಅಂದುಕೊಂಡೆ.

ಎರಡು ತಿಂಗಳು ಏನೂ ಆಗಲಿಲ್ಲ. ಮೇ ತಿಂಗಳ ಒಂದು ನಸುಕಿನಲ್ಲಿ ಡಿಸ್ಕ್ ಕೈಕೊಟ್ಟಿತು. ಎಎಸ್/400 ತನ್ನ ಮಾಹಿತಿಯನ್ನು ಎಲ್ಲ ಡಿಸ್ಕುಗಳ ಮೇಲೂ ಚದುರಿಸಿ ಇಡುತ್ತದೆ. ರಕ್ಷಣೆ ಇಲ್ಲದ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋದಂತೆಯೇ. ನಮ್ಮಲ್ಲಿ ರಕ್ಷಣೆ ಇರಲಿಲ್ಲ. ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಿಕೊಳ್ಳುವ ಜರ್ನಲ್ ಎಂಬ ಸೌಕರ್ಯ ಇತ್ತು, ಜಾಗ ಉಳಿಸಲೆಂದು ಅದನ್ನು ಹಾಕಿರಲಿಲ್ಲ. ಎರಡು ದಿನ ನಿದ್ದೆಗೆಟ್ಟು ಹಿಂದಿನ ರಾತ್ರಿಯ ಟೇಪಿನಿಂದ ಎಲ್ಲವನ್ನೂ ಮೇಲಕ್ಕೆತ್ತಿದೆವು. ಟೇಪಿನಲ್ಲಿದ್ದ ಕೊನೆಯ ಲಾರಿ ಯಾವುದೆಂದು ನೋಡಿ, ಅದರ ಮುಂದಿನ ತೂಕದ ಚೀಟಿಗಳನ್ನೆಲ್ಲ ಮತ್ತೆ ಟೈಪ್ ಮಾಡಿ ಬಿಲ್ಲು ಹುಟ್ಟಿಸಿದೆವು. ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ನಾನೂ ಹಿಗ್ಗಿದೆ.

ಮೂರನೇ ದಿನ ಲೆಕ್ಕದವರು ತೂಕಕ್ಕೂ ಬಿಲ್ಲಿಗೂ ತಾಳೆ ಹಾಕಿದರು. ಹತ್ತೊಂಬತ್ತು ಲಾರಿಗೆ ತೂಕ ಇದೆ, ಬಿಲ್ಲಿಲ್ಲ. ಎಲ್ಲವೂ ಒಂದೇ ರಾತ್ರಿಯವು, ಒಬ್ಬರದೇ ಪಾಳಿಯವು. ಬಿಲ್ಲಿನ ಆಫೀಸ್ ಪ್ರತಿಗಳ ಕಂತೆ ಆಗಲೇ ಬಂದರಿನ ಏಜೆಂಟರಿಗೆ ಹೋಗಿತ್ತು. ಗುಮಾಸ್ತರನ್ನು ಕರೆಸಿದರು.

“ಹತ್ತೊಂಬತ್ತು ಗಾಡಿ ಬಿಲ್ ಇಲ್ದ ಹೋಗ್ಯಾವಲ್ರಿ, ಇದಕ್ಕೇನಂತೀರಿ?”

“ನಾ ಬಿಲ್ ಇಲ್ದ ಒಂದು ಗಾಡೀನೂ ಬಿಟ್ಟಿಲ್ರಿ ಸರ್.”

ಅವರಿಗೆ ಐವತ್ತು ದಾಟಿತ್ತು. ನಾನು ಅಣ್ಣ ಎನ್ನುತ್ತಿದ್ದೆ. ಹೊರಗೆ ಬಂದವರು ನನ್ನ ರೂಮಿನ ಬಾಗಿಲಲ್ಲಿ ನಿಂತು, “ತಮ್ಮಾ, ಆ ಮಷೀನು ಸುಳ್ಳು ಹೇಳ್ತತೇನು?” ಎಂದು ಕೇಳಿದರು. “ಇಲ್ಲಣ್ಣ, ಮಷೀನು ಸುಳ್ಳು ಹೇಳಲ್ಲ” ಎಂದೆ. ಆ ಉತ್ತರ ನೆನಪಾದಾಗ ಇಪ್ಪತ್ತು ವರ್ಷದ ಮೇಲೂ ಮುಖ ಬಿಸಿಯಾಗುತ್ತದೆ. ಅವರನ್ನು ಕೆಲಸಕ್ಕೆ ಬರಬೇಡಿ ಎಂದರು.

ಐದನೇ ದಿನ ಅವರೇ ಒಂದು ನೋಟ್‌ಬುಕ್ ಹಿಡಿದುಕೊಂಡು ಬಂದರು. ಕಾಟಾದ ಕೆಲಸಕ್ಕೆ ಬರುವ ಮೊದಲು ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಕಂಪ್ಯೂಟರ್ ಇದ್ದರೂ ಕೈಯಿಂದ ಬರೆಯುವ ಚಾಳಿ ಬಿಟ್ಟಿರಲಿಲ್ಲ. ಲಾರಿ ನಂಬರು, ಗಂಟೆ, ತೂಕ, ಬಿಲ್ ನಂಬರು. ಒಂದು ಲಾರಿಗೆ ಒಂದು ಸಾಲು. ನಾನು ಅದನ್ನು ಪರದೆಯ ಪಕ್ಕ ಇಟ್ಟುಕೊಂಡು ನೋಡುತ್ತಾ ಹೋದೆ. ನಾವು ಮತ್ತೆ ಟೈಪ್ ಮಾಡಿದ ಮೊದಲ ಲಾರಿ ರಾತ್ರಿ 11:57ರದು. ಅದಕ್ಕೆ ಯಂತ್ರ ಕೊಟ್ಟ ಬಿಲ್ ನಂಬರು, ಅಣ್ಣನ ನೋಟ್‌ಬುಕ್ಕಿನಲ್ಲಿ 11:21ರ ಲಾರಿಯ ಮುಂದಿತ್ತು. ಅದಕ್ಕೂ ಇದಕ್ಕೂ ನಡುವೆ ಬೆರಳಿಟ್ಟು ಎಣಿಸಿದೆ. ಹತ್ತೊಂಬತ್ತು ನಂಬರಿನ ವ್ಯತ್ಯಾಸ.

ಬ್ಯಾಕಪ್ಪಿನ ಸಂದೇಶಗಳನ್ನು ಮುದ್ರಿಸಿದ ಹಾಳೆ ತೆಗೆದೆ. ಬಿಲ್ಲಿನ ಲೈಬ್ರರಿಯ ಚೆಕ್‌ಪಾಯಿಂಟ್ 11:20ಕ್ಕೆ. ಅದು ಟೇಪಿಗೆ ಇಳಿದು ಮುಗಿದ ಮೇಲೆ ಕಾಟಾದ ಲೈಬ್ರರಿಯದು, 11:55ಕ್ಕೆ. ನಡುವಿನ ಮೂವತ್ತೈದು ನಿಮಿಷದಲ್ಲಿ ತೂಗಿದ ಲಾರಿಗಳೆಲ್ಲ ಟೇಪಿನಲ್ಲಿದ್ದವು, ಅವುಗಳ ಬಿಲ್ಲು ಇರಲಿಲ್ಲ. ಟೇಪಿನಲ್ಲಿದ್ದ ಎರಡು ಕಡತಗಳೂ ತಮ್ಮ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತಿದ್ದವು. ಜೋಡಿಸಿ ಓದಿದಾಗ ಒಬ್ಬ ಮನುಷ್ಯ ಕಳ್ಳನಾಗಿದ್ದ. ಬಂದರಿನಿಂದ ಕಂತೆ ತರಿಸಿ ನೋಡಿದಾಗ ಹತ್ತೊಂಬತ್ತೂ ಬಿಲ್ಲು ಅದರಲ್ಲಿದ್ದವು. ಮ್ಯಾನೇಜರಿಗೆ ಒಪ್ಪಿಸಿದೆ, ಅಣ್ಣನ ಕಾಲಿಗೆ ಬಿದ್ದೆ. “ಇರ್ಲಿ ಬಿಡೋ” ಎಂದರು. ಕೆಲಸಕ್ಕೂ ಬಂದರು. ಆದರೆ ಆಮೇಲೆ ಕಾಟಾದಲ್ಲಿ ಕೆಲವರು ಅವರ ಬೆನ್ನ ಹಿಂದೆ ಆಡುವ ಮಾತು ಪೂರ್ತಿ ನಿಲ್ಲಲಿಲ್ಲ.

ಅದೇ ವರ್ಷ ಹಂಪಿಯ ಬಜಾರಿನಲ್ಲಿ ರಾಬರ್ಟ್ ಸೀವೆಲ್ ಬರೆದ ‘ಎ ಫರ್ಗಾಟನ್ ಎಂಪೈರ್’ ಪುಸ್ತಕದ ಅಗ್ಗದ ಮರುಮುದ್ರಣ ಕೊಂಡಿದ್ದೆ. 1900ರಲ್ಲಿ ಮೊದಲು ಬಂದ ಪುಸ್ತಕ ಅದು. ಯಂತ್ರದ ಪಕ್ಕ ಕೂತು, ಟೇಪು ತಿರುಗುವಾಗ ಓದುತ್ತಿದ್ದೆ. ವಿಜಯನಗರದ ಅರಮನೆಯ ದಫ್ತರ ನಮಗೆ ಸಿಕ್ಕಿಲ್ಲ. 1565ರ ಜನವರಿಯ ರಕ್ಕಸತಂಗಡಿ ಯುದ್ಧದ ನಂತರ ಊರು ಹಾಳಾಯಿತು. ಕಲ್ಲಿನ ಮೇಲೆ, ತಾಮ್ರದ ಮೇಲೆ ಬರೆದದ್ದು ಉಳಿಯಿತು, ಓಲೆಯ ಮೇಲೆ, ಬಟ್ಟೆಯ ಮೇಲೆ ಬರೆದಿದ್ದ ದಿನದ ಲೆಕ್ಕ ಹೋಯಿತು. ಆದರೆ ಊರು ಇನ್ನೂ ನಡೆಯುತ್ತಿದ್ದಾಗಲೇ ಅದರ ನಕಲು ಇಳಿಸಿಕೊಂಡವರು ಇಬ್ಬರಿದ್ದರು. 1520ರ ಸುಮಾರಿಗೆ ಬಂದ ಡೊಮಿಂಗೊ ಪೇಸ್, 1535ರ ಸುಮಾರಿಗೆ ಇಲ್ಲಿದ್ದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್. ಇಬ್ಬರ ಬರಹವೂ ಗೋವಾದಿಂದ ಒಟ್ಟಿಗೇ ಪೋರ್ಚುಗಲ್ ಸೇರಿ, ಹೇಗೋ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದುಕೊಂಡಿತು. 1897ರಲ್ಲಿ ಡೇವಿಡ್ ಲೋಪಿಶ್ ಅದನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು, ಅದರಿಂದ ಸೀವೆಲ್ ಇಂಗ್ಲಿಷಿಗೆ ತಂದರು. ಬ್ಯಾಕಪ್ ಟೇಪನ್ನು ಅದೇ ಕಟ್ಟಡದಲ್ಲಿ ಇಡಬಾರದು, ಬೇರೆ ಊರಿನಲ್ಲಿ ಇಡಬೇಕು ಎಂಬ ನಿಯಮ ನಮ್ಮ ಕೆಲಸದಲ್ಲಿದೆ. ನಮ್ಮ ಟೇಪು ಸಂಡೂರಿನ ಗೆಸ್ಟ್‌ಹೌಸಿನ ಕಪಾಟಿನಲ್ಲಿರುತ್ತಿತ್ತು. ವಿಜಯನಗರದ್ದು ಪ್ಯಾರಿಸ್ಸಿನಲ್ಲಿತ್ತು.

ಇಬ್ಬರೂ ಒಂದು ಕೆರೆಯ ಕತೆ ಹೇಳುತ್ತಾರೆ. ಎರಡು ಗುಡ್ಡಗಳ ನಡುವಿನ ಬಾಯಿಗೆ ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆ. ಹೊಸಪೇಟೆಯ ನೈರುತ್ಯಕ್ಕೆ, ಸಂಡೂರು ಗುಡ್ಡಗಳ ಕಣಿವೆಯ ಬಾಯಲ್ಲಿ ಈಗ ಬತ್ತಿ ನಿಂತಿರುವ ಕೆರೆಯೇ ಅದು, ಅದರ ಏರಿಯ ಮೇಲೆಯೇ ಹೆದ್ದಾರಿ ಹೋಗಿದೆ ಎಂದು ಸೀವೆಲ್ ಗುರುತಿಸುತ್ತಾರೆ. ನಾವು ರಾಯರ ಕೆರೆ ಎನ್ನುತ್ತೇವೆ. ನಾನು ಡ್ಯೂಟಿಗೆ ಅದೇ ಏರಿಯ ಮೇಲೆ ಎಷ್ಟೋ ಸಲ ಹೋಗಿದ್ದೆ, ಅದು ಏರಿ ಎಂದೇ ಗೊತ್ತಿರಲಿಲ್ಲ.

ಪೇಸ್ ನೋಡಿದಾಗ ಕೆರೆ ಕಟ್ಟುತ್ತಿದ್ದರು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ನೆಲ ಕಾಣದ ಹಾಗೆ ದುಡಿಯುತ್ತಿದ್ದರಂತೆ. ಏರಿ ಎರಡು ಮೂರು ಸಲ ಒಡೆದಿತ್ತು. ಅದಕ್ಕಾಗಿ ಅರವತ್ತು ಜನರ ತಲೆ ಕಡಿದರು, ಕುದುರೆ ಕೋಣಗಳನ್ನೂ ಬಲಿ ಕೊಟ್ಟರು ಎನ್ನುತ್ತಾನೆ. ನೂನಿಜ್ ಬರೆಯುವ ಹೊತ್ತಿಗೆ ಅದೆಲ್ಲ ಹಳೆಯ ಮಾತು. ಗೋವಾದ ಗವರ್ನರ್ ಕಳಿಸಿದ ಜೊವಾಒ ದೆ ಲಾ ಪೊಂತೆ ಎಂಬ ಕಲ್ಲುಕೆಲಸದವನು ಬಂದಿದ್ದು, ಸುಣ್ಣದ ಗಾರೆ ಮಾಡಲು ಹೇಳಿದ್ದಕ್ಕೆ ರಾಜ ನಕ್ಕಿದ್ದು, ಮರಣದಂಡನೆಗೆ ಗುರಿಯಾಗಿದ್ದ ಕೈದಿಗಳನ್ನು ಬಲಿ ಕೊಟ್ಟಿದ್ದು. ಕೊನೆಗೆ ನೀರು ನಿಂತಿತು, ಬಯಲೆಲ್ಲ ಗದ್ದೆಯಾಯಿತು, ಒಂಬತ್ತು ವರ್ಷ ಕಂದಾಯವಿಲ್ಲದೆ ಕೊಟ್ಟ ನೆಲ ಈಗ ಇಪ್ಪತ್ತು ಸಾವಿರ ಪರ್ದಾವ್ ಹುಟ್ಟುವಳಿ ತರುತ್ತಿದೆ ಎಂದು ಬರೆಯುತ್ತಾನೆ. ಒಬ್ಬನ ಕೆರೆಯಲ್ಲಿ ಮಣ್ಣು, ಇನ್ನೊಬ್ಬನ ಕೆರೆಯಲ್ಲಿ ನೀರು. ಪೇಸ್ ಕಂಡ ರಾಜ ಕೃಷ್ಣದೇವರಾಯ. ನೂನಿಜ್ ಬರೆಯುವಾಗ ಅವನು ತೀರಿಕೊಂಡು ಅಚ್ಯುತರಾಯ ಆಳುತ್ತಿದ್ದ. ಪ್ರವಾಸಿ ಗೈಡುಗಳು, ಎಷ್ಟೋ ಪುಸ್ತಕಗಳು ಕೂಡ, ‘ವಿದೇಶಿ ಪ್ರವಾಸಿಗರು ಕಂಡ ವಿಜಯನಗರ’ ಎಂದು ಇಬ್ಬರ ಮಾತನ್ನೂ ಒಂದೇ ಪ್ಯಾರಾದಲ್ಲಿ ಕಲಸಿಬಿಡುತ್ತವೆ. ಪೇಸನ ವೈಭವ, ನೂನಿಜನ ಆಸ್ಥಾನ. ಹಾಗೆ ಕಲಸಿದ ಊರು ಯಾವ ವರ್ಷದಲ್ಲೂ ಇರಲಿಲ್ಲ. ನನ್ನ ಟೇಪಿನ 11:20 ಮತ್ತು 11:55 ಕಣ್ಣಮುಂದೆ ಬಂದವು. ಈ ಎರಡು ನಕಲುಗಳ ನಡುವೆ ಸುಮಾರು ಹದಿನೈದು ವರ್ಷ; ಅದರೊಳಗೆ ಯಾರ ಯಾರ ಲೆಕ್ಕ ಬಿದ್ದುಹೋಗಿದೆಯೋ. ತಲೆ ಕಡಿಸಿಕೊಂಡ ಅರವತ್ತು ಜನರದ್ದಂತೂ ಇಬ್ಬರಲ್ಲಿ ಒಬ್ಬನ ಕಡತದಲ್ಲಿ ಮಾತ್ರ ಇದೆ.

ಆಮೇಲೆ ನಾನು ಕೆಲಸ ಬದಲಿಸಿಕೊಂಡೆ. ‘ಸಿಂಕ್‌ಲಿಬ್’ ಹಾಕಿದರೂ ಅರ್ಧ ನಡೆದಿರುವ ವ್ಯವಹಾರ, ಅಂದರೆ ತೂಕ ಏರಿ ಬಿಲ್ಲು ಇನ್ನೂ ಆಗದ ಲಾರಿ, ಆ ಗಳಿಗೆಯಲ್ಲಿ ಇದ್ದೇ ಇರುತ್ತದೆ. ಹಾಗಾಗಿ ರಾತ್ರಿ ಹನ್ನೊಂದಕ್ಕೆ ಕಾಟಾಗೆ ಫೋನ್ ಮಾಡಿ, “ಅಣ್ಣ, ಕೈಯಲ್ಲಿರೋದನ್ನ ಮುಗಿಸಿ ನಿಲ್ಸು” ಎನ್ನುತ್ತಿದ್ದೆ. ಚೆಕ್‌ಪಾಯಿಂಟ್ ಆಯಿತೆಂಬ ಸಂದೇಶ ಬರಲು ಮೂರು ನಾಲ್ಕು ನಿಮಿಷ. ಬಂದೊಡನೆ, “ಬಿಡು.” ಟೇಪು ತನ್ನ ಪಾಡಿಗೆ ಒಂದೂವರೆ ತಾಸು ತಿರುಗುತ್ತಿತ್ತು, ಲಾರಿಗಳು ಹೋಗುತ್ತಿದ್ದವು. ನಾಲ್ಕು ನಿಮಿಷಕ್ಕೆ ಯಾವ ಡ್ರೈವರೂ ಹಾರ್ನ್ ಹೊಡೆಯಲಿಲ್ಲ. ಟೇಪಿನ ಚೀಟಿಯ ಮೇಲೆ ದಿನಾಂಕದ ಜೊತೆ ಆ ಗಂಟೆ ನಿಮಿಷವನ್ನೂ ಬರೆಯತೊಡಗಿದೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ರಸ್ತೆ ಒಮ್ಮೆಲೇ ಬರಿದಾಯಿತು. ಆಫೀಸು ಮುಚ್ಚಿತು, ಯಂತ್ರವನ್ನು ತೂಕಕ್ಕೆ ಹಾಕಿದರು. ಟೇಪುಗಳು ಏನಾದವೋ. ಇದ್ದರೂ ಈಗ ಅವನ್ನು ಓದುವ ಡ್ರೈವು ಈ ಭಾಗದಲ್ಲಿ ಯಾರ ಹತ್ತಿರವೂ ಇರಲಾರದು.

ಕಳೆದ ದೀಪಾವಳಿಗೆ ಕಂಪ್ಲಿಗೆ ಹೋಗಿದ್ದೆ. ಅಣ್ಣನಿಗೆ ಕಣ್ಣು ಮಂಜಾಗಿದೆ, ಮಾತು ಮೊದಲಿನಂತೆಯೇ. ತಮ್ಮ ಅಜ್ಜ ಅಂಗಡಿಯ ಲೆಕ್ಕ ಬರೆಯುತ್ತಿದ್ದ ಕಡತ ತೋರಿಸಿದರು. ಹುಣಸೆಬೀಜದ ಸರಿಗೆ ಇದ್ದಿಲು ಕಲಸಿ ಬಳಿದು ಗಟ್ಟಿ ಮಾಡಿದ ಕಪ್ಪು ಬಟ್ಟೆ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವಂಥದು. ಬಳಪದಲ್ಲಿ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು. ಆಫೀಸುಗಳಲ್ಲಿ ಫೈಲಿಗೆ ಕಡತ ಎನ್ನುತ್ತೇವಲ್ಲ, ಆ ಮಾತು ಬಂದದ್ದು ಇದರಿಂದ. ಕಪ್ಪಿನ ಮೇಲೆ ಬಿಳಿಯ ಸಾಲುಗಳು ನನಗೆ ಆ ಹಳೆಯ ಪರದೆಯನ್ನೇ ನೆನಪಿಸಿದವು. “ಇದು ದಿನದ್ದು. ದಿನಾ ಬದಲಾಗ್ತದ. ಸಂಜಿಗೆ ಅಂಗಡಿ ಬಾಗಿಲು ಹಾಕಿದ ಮ್ಯಾಲೇ ಇದನ್ನ ನೋಡಿ ಪುಸ್ತಕಕ್ಕ ಏರಿಸ್ತಿದ್ನಂತ, ವ್ಯಾಪಾರ ನಡಿಯೋವಾಗ ಮುಟ್ತಿದ್ದಿಲ್ಲಂತ” ಎಂದರು.

ನೋಟ್‌ಬುಕ್ ಇದೆಯೇ ಎಂದು ಕೇಳಿದೆ. ಒಳಗೆ ಹೋಗಿ ಹುಡುಕಿ ತಂದರು. ಅದಿರಿನ ಕೆಂಪು ಧೂಳು ಅಂಚಿನಲ್ಲಿ ಹಾಗೇ ಕೂತಿತ್ತು. ಆ ರಾತ್ರಿಯ ಪುಟ ತೆಗೆದು ನನ್ನ ಮುಂದೆ ಹಿಡಿದು, ಕಾಣದಿದ್ದರೂ 11:21ರ ಸಾಲಿನ ಮೇಲೆ ಸರಿಯಾಗಿ ಬೆರಳಿಟ್ಟರು.

“ಇಷ್ಟೊತ್ತಿಗೆ ನಿನ್ನ ಮಷೀನು ಎಲ್ಲಿತ್ತೋ ತಮ್ಮಾ?”